ಬೆವರುವ ಬಾಗಿಲು

ಅರ್ಶದ್ ಕೆಲಸ ಬಿಟ್ಟು ಓಡಿಹೋಗಿದ್ದಾನೆಂದು ಕಂಪೆನಿ ಬರೆದುಕೊಟ್ಟಿತು. ಅವನ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲೇ ಇತ್ತು. ಅವನ ಹೆಂಡತಿ ಮುಹ್ಸಿನಾಳ ವೀಸಾ ರದ್ದಾಯಿತು. ಮರುದಿನದ ಮಂಗಳೂರು ವಿಮಾನದ ಟಿಕೆಟನ್ನು ಅವಳ ಕೈಗೆ ಕೊಟ್ಟರು.

"ಇನ್ನೊಮ್ಮೆ ಹಾಕಿ, ಕ್ಯಾಮಿಲಸ್," ಎಂದಳು ವಸಂತಿ, ಕ್ಯಾಮೆರಾ ಕಾಯುವವನಿಗೆ.

"ಎಷ್ಟು ಸಲ ಮಾರಾಯ್ರೆ? ವಿಡಿಯೋ ಸವೆಯುವುದಿಲ್ಲ, ಸರಿ. ನನ್ನ ನೌಕರಿ ಸವೀತಾ ಉಂಟು."

ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆ ಕಾವಲು ಕೋಣೆಗೆ ಕಿಟಕಿಯೇ ಇರಲಿಲ್ಲ. ಗೋಡೆ ತುಂಬ ಪರದೆಗಳು. ಪ್ರತಿ ಪರದೆಯಲ್ಲೂ ಒಂದೇ ಜಾಗದ ಬೇರೆ ಬೇರೆ ತುಂಡು: ಗಾಜಿನ ಚಾವಣಿ, ಕಬ್ಬಿಣದ ಕಮಾನು, ಹಳೆಗಾಲದ ದೀಪಗಳು, ಒತ್ತೊತ್ತಾಗಿ ಪುಟ್ಟ ಅಂಗಡಿಗಳು. ನೂರೈವತ್ತು ವರ್ಷದ ಫ್ರೆಂಚ್ ಓಣಿಯಂತೆ ಕಾಣುವ, ಇನ್ನೂ ಒಬ್ಬ ಗಿರಾಕಿಯೂ ಕಾಲಿಡದ ಓಣಿ. ಹೆಸರು ಪಸಾಜ್ ಸೆಲೆಸ್ತ್. ಮುಂದಿನ ವಾರ ಉದ್ಘಾಟನೆ.

ವಸಂತಿ ಪೊಲೀಸಳಲ್ಲ. ಕಾಪುವಿನವಳು, ಬರ್ ದುಬೈಯ ಒಂದು ಪ್ರವಾಸ ಕಚೇರಿಯಲ್ಲಿ ಕೆಲಸ. ಪ್ಯಾರಿಸ್ ನೋಡಿ ದಣಿದ ದುಡ್ಡಿನವರಿಗೆ ಉಳಿದ ಫ್ರಾನ್ಸನ್ನು ತೋರಿಸುವುದು ಅವಳ ಕಸುಬು. ನಾಂತ್ ಊರಿನಲ್ಲಿ ನಟ್ಟನಡುವೆ ಮೆಟ್ಟಿಲೇರುವ, ಗಾಜು ಹೊದ್ದ ಅಂಗಡಿಸಾಲು. ಲಿಯೋನ್‌ನಲ್ಲಿ ಮನೆಗಳ ಹೊಟ್ಟೆಯೊಳಗಿಂದ ಹಾದು ಇನ್ನೊಂದು ಬೀದಿಗೆ ತೆರೆದುಕೊಳ್ಳುವ ಕತ್ತಲ ದಾರಿಗಳು. ತಂಡ ಕಟ್ಟಿಕೊಂಡು ಎಲ್ಲವನ್ನೂ ನಡೆದು ಬಲ್ಲಳು. ಅದಕ್ಕೇ ಈ ನಕಲಿನ ಒಡೆಯರು ಅವಳನ್ನು ಕರೆಸಿದ್ದರು, ಓಣಿ ತೋರಿಸುವ ಹುಡುಗಿಯರಿಗೆ ಪಾಠ ಹೇಳಲು.

ದುಬೈಯ ಸತ್ವಾದಲ್ಲಿ, ಹತ್ತಾರು ಮಂದಿ ಹಂಚಿಕೊಂಡ ಒಂದು ವಿಲ್ಲಾದಲ್ಲಿ, ಮುಹ್ಸಿನಾಳದ್ದು ಅವಳ ಪಕ್ಕದ ಕೋಣೆ. ನಡುವೆ ಬರೀ ಹಲಗೆಯ ಗೋಡೆ. ಹಲಗೆಯಾಚೆ ಬೆಳಗಿನವರೆಗೂ ಹೊಲಿಗೆ ಯಂತ್ರ ಓಡುವುದು ಕೇಳಿ ವಸಂತಿ ಹೋಗಿ ನೋಡಿದ್ದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ. ಈ ಓಣಿಯಲ್ಲಿ ದೀಪದ ಕೆಲಸಕ್ಕಿದ್ದು, ಪ್ರತಿ ಗುರುವಾರ ಸಂಜೆ ಅಬುಧಾಬಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗಂಡ ಅರ್ಶದ್ ಆ ಗುರುವಾರ ಬಂದಿರಲಿಲ್ಲ.

ಕ್ಯಾಮಿಲಸ್ ಗುಂಡಿ ಒತ್ತಿದ.

ಪರದೆಯ ಮೇಲೆ ಗುರುವಾರದ ಸಂಜೆ. ಹಳದಿ ಜಾಕೆಟ್ಟಿನವನೊಬ್ಬ ಓಣಿಯ ನಡುವೆ ಬಂದ. ತಲೆಗೆ ಟೊಪ್ಪಿ, ಮೂಗು ಬಾಯಿಗೆ ಧೂಳು ತಡೆಯುವ ಬಟ್ಟೆ. ಬೆನ್ನ ಮೇಲೆ ಅರ್ಶದ್‌ನ ಹೆಸರು. ಸ್ವಿಚ್ಚಿನ ಪೆಟ್ಟಿಗೆ ತೆರೆದ, ದೀಪ ಹಾಕಿದ. ಹಿಂಬದಿ ಗೇಟಿನಿಂದ ಹೊರಗೆ ನಡೆದ. ಅಷ್ಟೇ. ತನ್ನ ಕಾಲಲ್ಲೇ ನಡೆದು ಹೋದವನು ಎಂದು ಕಂಪೆನಿ ತೋರಿಸುತ್ತಿದ್ದ ಸಾಕ್ಷಿ ಇದೊಂದೇ.

"ಜಾಕೆಟ್ ಅವರದ್ದೇ ಅಕ್ಕಾ," ಎಂದಳು ಮುಹ್ಸಿನಾ. ಅವಳ ಕೊರಳಲ್ಲಿ ಹೊಸ ಹುಡುಗಿಯರಿಗೆ ಕೊಡುವ ಬಿಲ್ಲೆ ತೂಗುತ್ತಿತ್ತು. ವಸಂತಿ ಅವಳನ್ನೂ ಅಂಥ ಹುಡುಗಿಯೆಂದೇ ಹೇಳಿ ಗೇಟು ದಾಟಿಸಿದ್ದಳು. "ಒಳಗಿನ ಜನ ಅವರಲ್ಲ. ನಾನು ಅವತ್ತೇ ಹೇಳಿದೆ. ಆಫೀಸಿನವರು ನಕ್ಕರು. ಬೇಜಾರಲ್ಲಿ ಹಾಗೆಲ್ಲ ಕಾಣ್ತದಂತೆ."

"ನಿಲ್ಲಿಸಿ!" ವಸಂತಿ ಎದ್ದು ನಿಂತಳು. "ದೀಪ ಹತ್ತುವಲ್ಲಿಗೆ ಹಿಂದೆ ಹೋಗಿ. ಮೆಲ್ಲ ಬಿಡಿ. ಅವನ ಬಲಗೈ ನೋಡಿ."

ಸ್ವಿಚ್ಚು ಒತ್ತಿದ ಕೈ ಕೆಳಗಿಳಿಯಲಿಲ್ಲ. ಹತ್ತಿದ ಮೊದಲ ದೀಪದ ಕಡೆಗೆ ಚಾಚಿತು. ಆಮೇಲೆ ಬೆರಳ ತುದಿ ಕಣ್ಣಿಗೆ. ಅಲ್ಲಿಂದ ಎದೆಗೆ. ಮೂಗಿನ ಮೇಲೆ ಕೂತ ನೊಣ ಓಡಿಸುವಷ್ಟೇ ಹೊತ್ತು.

ಕ್ಯಾಮಿಲಸ್ ಅದನ್ನೇ ಇನ್ನೊಮ್ಮೆ ಓಡಿಸಿದ.

"ನಮ್ಮಲ್ಲಿ ದೀಪಕ್ಕೆ ಯಾರು ಕೈ ಮುಗೀತಾರೆ ಅಕ್ಕಾ?" ಮುಹ್ಸಿನಾಳ ದನಿ ಸಣ್ಣಗಾಗಿತ್ತು.

"ನಮ್ಮವರಾದ್ರೆ ಶಿಲುಬೆಯ ಗುರುತು ಹಾಕ್ತಿದ್ರು," ಎಂದ ಕ್ಯಾಮಿಲಸ್.

ವಸಂತಿಗೆ ಆ ಕೈ ಗೊತ್ತಿತ್ತು. ಅದು ಅವಳದ್ದೇ ಕೈ. ಸತ್ವಾದ ಕೋಣೆಯಲ್ಲಿ ಸಂಜೆ ಟ್ಯೂಬ್‌ಲೈಟ್ ಹಾಕಿದಾಗಲೆಲ್ಲ ಅವಳ ಬೆರಳೂ ತಾನಾಗಿ ಕಣ್ಣಿಗೆ ಹೋಗುತ್ತಿತ್ತು. ಅದಕ್ಕೆ ಭಕ್ತಿ ಬೇಕಿಲ್ಲ, ದೇವರೂ ಬೇಕಿಲ್ಲ, ಸಂಜೆಯಾದರೆ ಸಾಕು. ಊರಿನ ಕಡೆಯ ಹಿಂದೂ ಮನೆಗಳಲ್ಲಿ ಮಕ್ಕಳಿಗೆ ನಡೆಯುವುದಕ್ಕೂ ಮೊದಲು ಕಲಿಸುವ ಸಂಗತಿ. ಮುಖ ಮುಚ್ಚಿಕೊಂಡವನು ಕೈಯನ್ನು ಮುಚ್ಚಿಡಲು ಮರೆತಿದ್ದ.

"ಈ ಸೈಟಿನಲ್ಲಿ ನಮ್ಮ ಕಡೆಯ ಹಿಂದೂಗಳು ಎಷ್ಟು ಮಂದಿ?"

"ಇಬ್ಬರು. ಸುಮಿತ್ ಸರ್, ಮತ್ತೆ ಸೂಪರ್‌ವೈಸರ್ ಪುರಂದರ."

ಸುಮಿತ್ ಯೋಜನೆಯ ಮ್ಯಾನೇಜರ್. ಮುಂಬೈಯಲ್ಲಿ ಬೆಳೆದ ತುಳುವ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಪರದೆಯ ಮೇಲಿನವನು ಗಿಡ್ಡ.

ಕ್ಯಾಮಿಲಸ್ ಗಲ್ಲ ಕೆರೆದುಕೊಂಡ. "ಸುಮಿತ್ ಸರ್ ಸ್ವಿಚ್ ಮುಟ್ಟುವ ಜನ ಅಲ್ಲ ಮಾರಾಯ್ರೆ. ಬೇರೆಯವರ ಕೈಯಲ್ಲಿ ಮುಟ್ಟಿಸುವ ಜನ."

*

ಓಣಿಯೊಳಗೆ ಗಾಳಿ ಅಲ್ಲಾಡುತ್ತಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರದ ಸಂಜೆ. ಸಮುದ್ರದ ತೇವ ತೆರೆದ ಬಾಗಿಲಿನಿಂದ ಒಳಗೆ ಬಂದು ಹೊರಗೆ ಹೋಗುವ ದಾರಿ ಮರೆತಂತೆ ನಿಂತುಬಿಟ್ಟಿತ್ತು. ಉದ್ಘಾಟನೆಯ ದಿನದವರೆಗೆ ಎ.ಸಿ. ಹಾಕಬಾರದೆಂದು ಆಜ್ಞೆ. ಕೆಲಸದವರಿಗೆ ತಂಪು ಯಾಕೆ?

ಗಾಜಿನ ಚಾವಣಿಯ ಮೇಲೆ ಮರಳಿನ ಧೂಳು ಕೂತು, ಬೆಳಕು ಹಳೆಯ ಫೋಟೋದ ಬಣ್ಣಕ್ಕೆ ತಿರುಗಿತ್ತು. ಟೊಪ್ಪಿ ಅಂಗಡಿಯಲ್ಲಿ ಸಾಲು ಸಾಲು ಪೆಟ್ಟಿಗೆ, ಒಳಗೆ ಟೊಪ್ಪಿಯಿಲ್ಲ. ಪುಸ್ತಕದಂಗಡಿಯಲ್ಲಿ ಬೆನ್ನು ಮಾತ್ರ ಇರುವ ಪುಸ್ತಕಗಳು. ಉಡುಪಿನ ಅಂಗಡಿಯ ಗಾಜಿನ ಹಿಂದೆ ಮೇಣದ ಹೆಂಗಸರು. ಧೂಳು ಕೂರದಿರಲೆಂದು ಅವರ ತಲೆಯಿಂದ ಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿದ್ದರು. ಸೆಕೆಗೆ ಪ್ಲಾಸ್ಟಿಕ್ಕಿನ ಒಳಬದಿ ಮಂಜಾಗಿತ್ತು, ಬಾಯಿಯ ನೇರದಲ್ಲಿ ಹೆಚ್ಚು ಎಂದು ಮುಹ್ಸಿನಾಳಿಗೆ ಕಂಡಿತು. ಅವಳು ಆ ಕಡೆ ಮತ್ತೆ ನೋಡಲಿಲ್ಲ.

ನಡುವಿನ ಮೆಟ್ಟಿಲುಗಳು ಮಧ್ಯದಲ್ಲಿ ತಗ್ಗಾಗಿದ್ದವು. ತಲೆಮಾರುಗಳು ಹತ್ತಿಳಿದು ಸವೆಸಿದಂತೆ.

"ಇದನ್ನು ನಮ್ಮ ಇವರೇ ಉಜ್ಜಿದ್ದು," ಎಂದು ಮುಹ್ಸಿನಾ ಪಿಸುಗುಟ್ಟಿದಳು. "ದೀಪದ ಕೆಲಸ ಅಂತ ಕರೆಸಿ, ಕಲ್ಲು ಸವೆಸುವ ಮಿಷನ್ ಕೈಗೆ ಕೊಟ್ಟರು. ಮನೆಗೆ ಬಂದ್ರೆ ಚಾ ಗ್ಲಾಸ್ ಹಿಡಿಯಲಿಕ್ಕೆ ಆಗ್ತಿರ್ಲಿಲ್ಲ, ಕೈ ನಡುಗಿ."

ಯಾರೂ ನಡೆಯದ ಕಲ್ಲಿಗೆ ನೂರು ವರ್ಷದ ಸವೆತ, ಒಬ್ಬನ ಮಣಿಕಟ್ಟಿನಿಂದ ಕಿತ್ತದ್ದು. ವಸಂತಿ ಮೆಟ್ಟಿಲಿನ ಅಂಚಿನಲ್ಲಿ ಕಾಲಿಟ್ಟು ಹತ್ತಿದಳು.

"ಓ ವಸಂತಕ್ಕ!" ಮೇಲಿನಿಂದ ದನಿ ಬಂತು, ಹಿಂದೆಯೇ ಅದರ ಪ್ರತಿದನಿ. "ಇವತ್ತೂ ಪಾಠ ಉಂಟಾ? ನಿಮ್ಮ ಫ್ರಾನ್ಸಿನವರಿಗೆ ಮೆಟ್ಟಿಲು ಸವೆದ್ರೆ ಬದಲಿಸ್ಲಿಕ್ಕೆ ಗತಿ ಇಲ್ವಾ ಮಾರಾಯ್ರೆ? ನಾವು ಹೊಸತು ತಂದು ಹಾಳು ಮಾಡಿದ್ದು!"

ಪುರಂದರ. ಹಿರಿಯಡಕದವನು. ಗಿಡ್ಡ ಆಳು, ಅಗಲ ಹೆಗಲು, ಸೊಂಟದಲ್ಲಿ ವಾಕಿಟಾಕಿ. ನಗು ಎಂದಿನಂತಿತ್ತು, ಕಣ್ಣು ಮಾತ್ರ ನಿದ್ದೆ ಕಂಡಿರಲಿಲ್ಲ.

"ಇದು ಹೊಸ ಹುಡುಗಿ," ಎಂದಳು ವಸಂತಿ. "ದೀಪ ಹತ್ತುವುದನ್ನು ನೋಡಬೇಕಂತೆ. ಹಾಕು ನೋಡುವಾ."

"ಅದಕ್ಕೇನು? ಹೊತ್ತೂ ಆಯ್ತು."

ಅವನು ಪೆಟ್ಟಿಗೆ ತೆರೆದ. ಸ್ವಿಚ್ಚು ಮೇಲೆತ್ತಿದ. ಮೊದಲ ದೀಪ ಹತ್ತಿತು, ಅದರಾಚೆಯದು, ಅದರಾಚೆಯದು. ಓಣಿಯುದ್ದಕ್ಕೂ ಹಳದಿ ಬೆಳಕು ಒಂದೊಂದೇ ಹೆಜ್ಜೆಯಿಟ್ಟು ದೂರ ಹೋಯಿತು.

ಪುರಂದರನ ಬಲಗೈ ದೀಪದತ್ತ ಚಾಚಿತು. ಕಣ್ಣಿಗೆ ಹೋಯಿತು. ಎದೆಗೆ ಇಳಿಯಿತು.

ಅಲ್ಲೇ ನಿಂತಿತು. ಇಬ್ಬರು ಹೆಂಗಸರೂ ದೀಪ ನೋಡುತ್ತಿಲ್ಲ ಎಂಬುದು ಅವನಿಗೆ ಆಗ ಕಂಡಿತು.

"ದಾನೆ ಅಕ್ಕ?" ಎಂದ. ಏನು ಎಂದು ಕೇಳಲು ಬಾಯಿಗೆ ತುಳುವೇ ಬಂತು.

"ಗುರುವಾರವೂ ಹೀಗೇ ಮಾಡಿದ್ದೀ. ಅರ್ಶದ್‌ನ ಜಾಕೆಟ್ ಹಾಕಿಕೊಂಡು. ಕ್ಯಾಮೆರಾದಲ್ಲಿ ಉಂಟು."

"ಎಂಥ ಮಾತಾಡ್ತೀರಿ..."

"ನಾನು ಅವರ ಹೆಂಡತಿ," ಎಂದಳು ಮುಹ್ಸಿನಾ.

ಪುರಂದರ ಅವಳನ್ನು ನೋಡಿದ. ಪೆಟ್ಟಿಗೆಯ ಬಾಗಿಲು ಹಿಡಿದು ಮೆಲ್ಲನೆ ಮೆಟ್ಟಿಲ ಮೇಲೆ ಕೂತ.

"ನಾನು ಕೊಂದಿಲ್ಲ ತಂಗೀ."

"ಕೊಂದಿರಾ ಅಂತ ಯಾರು ಕೇಳಿದ್ರು? ಎಲ್ಲಿದ್ದಾರೆ, ಅಷ್ಟು ಹೇಳಿ."

"ಗೊತ್ತಿಲ್ಲ."

"ಜಾಕೆಟ್ ಗೊತ್ತಿತ್ತು. ಮನುಷ್ಯ ಗೊತ್ತಿಲ್ಲ?" ಎಂದಳು ವಸಂತಿ.

ಪುರಂದರ ಎರಡೂ ಅಂಗೈಯಿಂದ ಮುಖ ಉಜ್ಜಿದ.

"ಸಂಜೆಗೆ ಒಡೆಯರು ಬರುವವರಿದ್ರು. ಚಾವಣಿಯ ಮೇಲೆ ಧೂಳು. ನಡುಹಗಲು ಬಿಸಿಲಲ್ಲಿ ದುಡಿಸಬಾರದು ಅಂತ ಕಾಯಿದೆ ಉಂಟು, ನಿಮಗೆ ಗೊತ್ತುಂಟಲ್ಲ. ಎಲ್ಲರೂ ನೆರಳಲ್ಲಿ ಮಲಗಿದ್ದರು. ಸುಮಿತ್ ಸರ್ ಇವನೊಬ್ಬನನ್ನೇ ಎಬ್ಬಿಸಿ ಮೇಲೆ ಕಳಿಸಿದ್ರು. ಹೊರಗಿನಿಂದ ಯಾರೂ ನೋಡುವುದಿಲ್ಲ, ಒರೆಸಿ ಬಾ ಅಂತ. ಗಾಜಿನ ಮೇಲೆ ಕೂತದ್ದು ಕಂಡಿತು. ಆಮೇಲೆ ಒರಗಿದ್ದು ಕಂಡಿತು. ನಾನೂ ಸರೂ ಕೆಳಗಿನಿಂದ ನೋಡ್ತಾ ಇದ್ದೆವು, ಗಾಜಿಗೆ ಕೆನ್ನೆ ಒತ್ತಿಕೊಂಡು ನಮ್ಮನ್ನೇ ನೋಡಿದ ಹಾಗೆ."

ಮುಹ್ಸಿನಾ ತಲೆಯೆತ್ತಿ ಚಾವಣಿ ನೋಡಿದಳು. ಒಂದೇ ಒಂದು ಗಾಜು ಉಳಿದವುಗಳಿಗಿಂತ ಸ್ವಚ್ಛವಾಗಿತ್ತು.

"ಇಳಿಸಿದೆವು. ಉಸಿರು ಇತ್ತು. ನಾನೇ ಮೂಗಿಗೆ ಬೆರಳು ಹಿಡಿದು ನೋಡಿದ್ದೇನೆ. ಆಂಬುಲೆನ್ಸ್ ಅಂದೆ. ಗೇಟಿಗೆ ಆಂಬುಲೆನ್ಸ್ ಬಂದ್ರೆ ಸೈಟ್ ಬಂದ್ ಅಂದ್ರು ಸುಮಿತ್ ಸರ್. ಆ ಕೊನೆಯ ಗಲ್ಲಿಯಲ್ಲಿ ಮಲಗಿಸು, ಅಲ್ಲಿಗೆ ಮಾತ್ರ ಎ.ಸಿ. ಹಾಕು, ಹಿಂದಿನ ಶಟರಿನಿಂದ ನನ್ನ ಗಾಡಿಯಲ್ಲಿ ಆಸ್ಪತ್ರೆಗೆ ಕೊಂಡುಹೋಗ್ತೇನೆ ಅಂದ್ರು. ಸಂಜೆ ಜಾಕೆಟ್ ತಂದು ಕೊಟ್ರು. ಹಾಕ್ಕೊಂಡು ದೀಪ ಹಾಕಿ ಹೊರಗೆ ನಡಿ ಅಂದ್ರು."

"ನಡೆದುಬಿಟ್ಟೆ."

"ನನ್ನ ಹೆಂಡತಿ ಮಕ್ಕಳ ವೀಸಾ ಉಂಟು ವಸಂತಕ್ಕ! ನೀವಾದ್ರೆ ಎಂಥ ಮಾಡ್ತಿದ್ರಿ?"

"ಯಾವ ಆಸ್ಪತ್ರೆ?" ಎಂದು ಮುಹ್ಸಿನಾ ಕೇಳಿದಳು.

ಅವನು ಸವೆಸಿದ ಕಲ್ಲಿನ ಮೇಲೆ ಬೆರಳಾಡಿಸಿದ.

"ಕೇಳ್ಲಿಲ್ವಾ ನೀವು? ಒಂದು ಸಲವೂ?"

"ಕೇಳಿದೆ. ಕೇಳಿದ್ದಕ್ಕೆ ಸುಮಿತ್ ಸರ್ ನನ್ನ ಮಗಳ ಶಾಲೆಯ ಹೆಸರು ಕೇಳಿದ್ರು."

*

ಓಣಿಯ ಕೊನೆಯಲ್ಲಿ ಒಂದು ಹಸಿರು ಬಾಗಿಲಿತ್ತು. ಹಿತ್ತಾಳೆಯ ಹಿಡಿ, ಸಿಂಹದ ಮುಖ, ಕೆಳಗೆ ತುಕ್ಕಿನ ಕಲೆ. ಹತ್ತಿರ ಹೋದರೆ ಎಲ್ಲ ಬಣ್ಣ. ಚಪ್ಪಟೆ ಗೋಡೆಯ ಮೇಲೆ ಬರೆದ ಬಾಗಿಲು.

ನಕ್ಷೆಯಲ್ಲಿ ಅಲ್ಲಿ ನಿಜವಾದ ಬಾಗಿಲು, ಅದರ ಹಿಂದೆ ಒಂದು ಗಲ್ಲಿ ಇತ್ತು. ಲಿಯೋನ್‌ನ ನೆನಪಿಗೆಂದು ಇಟ್ಟದ್ದು. ಅಲ್ಲಿ ಬೀದಿಯ ಬಾಗಿಲೊಂದನ್ನು ತಳ್ಳಿದರೆ ಒಳಗೆ ಮನೆಯಿರುವುದಿಲ್ಲ, ದಾರಿಯಿರುತ್ತದೆ. ತೇವದ ವಾಸನೆ, ತಲೆಗೆ ತಾಗುವ ಕಮಾನು, ಒಂದು ಅಂಗಳ, ಮತ್ತೆ ಕತ್ತಲು, ಕೊನೆಗೆ ಬೇರೆಯೇ ಬೀದಿ. ನೇಕಾರರು ರೇಷ್ಮೆಯ ಹೊರೆ ಹೊತ್ತು ಮಳೆಗೆ ಸಿಗದಂತೆ ಓಡಾಡಿದ ದಾರಿ. ಕೂಲಿಗಾಗಿ ಅದೇ ನೇಕಾರರು ದಂಗೆಯೆದ್ದ ಊರು ಅದು ಎಂದೂ ವಸಂತಿ ಹುಡುಗಿಯರ ಪಾಠದಲ್ಲಿ ಸೇರಿಸಿದ್ದಳು. ಸುಮಿತ್ ಆ ಸಾಲಿಗೆ ಗೆರೆ ಎಳೆದಿದ್ದ. "ರೇಷ್ಮೆ ಇರಲಿ ಮೇಡಂ, ಮಳೆಯೂ ಇರಲಿ. ಜಗಳ ಬೇಡ, ಟೂರಿಸ್ಟ್ ಮೂಡ್ ಹಾಳಾಗುತ್ತೆ."

"ಗಲ್ಲಿ ಕಟ್ಟಿದ್ದೀರಲ್ಲ ಪುರಂದರ? ಬಾಗಿಲು ಎಲ್ಲಿ?"

"ಶುಕ್ರವಾರ ಮುಚ್ಚಿಸಿದ್ರು. ಹಲಗೆ ಹೊಡೆದು, ಪ್ಲಾಸ್ಟರ್ ಮೆತ್ತಿ, ಮೇಲೆ ಬಣ್ಣ. ರಜೆಯ ದಿನ ಹೊರಗಿನ ಕೆಲಸದವರನ್ನು ಕರೆಸಿ. ಬಜೆಟ್ ಇಲ್ಲ ಅಂದ್ರು."

"ಕಟ್ಟಿಯಾದ ಮೇಲೆ ಮುಚ್ಚಲಿಕ್ಕೆ ಬಜೆಟ್ ಇತ್ತಾ?"

ಪುರಂದರ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

ಮುಹ್ಸಿನಾ ಅವರ ಮಾತು ಕೇಳುತ್ತಿರಲಿಲ್ಲ. ಬಾಗಿಲಿನ ಹಿಡಿಯನ್ನೇ ನೋಡುತ್ತಿದ್ದಳು. ಬಣ್ಣದ ಹಿಡಿಯ ಕೆಳಗೆ ಒಂದು ಹನಿ. ತುಂಬಿತು, ಜಾರಿತು, ಗೋಡೆಯುದ್ದಕ್ಕೂ ಗೆರೆ ಬಿಟ್ಟು ನೆಲಕ್ಕೆ ಇಳಿಯಿತು. ಹಿಂದೆಯೇ ಇನ್ನೊಂದು. ಸಿಂಹದ ಮುಖವಿಡೀ ಒದ್ದೆ.

"ಅಕ್ಕಾ, ಇದು ಬೆವರ್ತಾ ಉಂಟು."

ಅವಳು ಅಂಗೈ ಇಟ್ಟಳು. ಕೂಡಲೇ ತೆಗೆದಳು. ಮತ್ತೆ ಇಟ್ಟಳು.

"ತಣ್ಣಗೆ!"

ವಸಂತಿಯೂ ಮುಟ್ಟಿದಳು. ಬೆಂಕಿಯಂಥ ಆ ಓಣಿಯಲ್ಲಿ ತಣ್ಣಗಿದ್ದದ್ದು ಅದೊಂದೇ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬಾಟಲಿಯಂತೆ. ಪಕ್ಕದ ಗೋಡೆ ಬೆಚ್ಚಗೆ, ಒಣಗಿತ್ತು. ಬಾಗಿಲಿನ ಆಕಾರವಷ್ಟೇ ನೀರು ಬಿಡುತ್ತಿತ್ತು.

"ಒಳಗೆ ಎ.ಸಿ. ಓಡ್ತಾ ಉಂಟು," ಎಂದಳು.

"ಸಾಧ್ಯ ಇಲ್ಲ." ಪುರಂದರ ತಲೆಯಾಡಿಸಿದ. "ಆ ಗಲ್ಲಿಯದ್ದು ಆರನೇ ಲೈನ್. ಶುಕ್ರವಾರ ಬೆಳಿಗ್ಗೆ ನಾನೇ ಆಫ್ ಮಾಡಿದ್ದೆ. ಗಲ್ಲಿ ಖಾಲಿ ಆಗಿದೆ, ಆಫ್ ಮಾಡು ಅಂತ ಸುಮಿತ್ ಸರೇ ಹೇಳಿದ್ದು."

"ಒಳಗೆ ಹೋಗಿ ನೋಡಿದ್ದೀಯಾ?"

"ಇಲ್ಲ."

ಅವನು ಮೆಟ್ಟಿಲಿನತ್ತ ಓಡಿದ. ಪೆಟ್ಟಿಗೆಯೊಳಗೆ ತಲೆ ಹಾಕಿದ. ಅಲ್ಲಿಂದಲೇ ಕೂಗಿದ, ದನಿ ಗಾಜಿಗೆ ಬಡಿದು ನಾಲ್ಕು ಕಡೆಯಿಂದ ಮರಳಿ ಬಂತು.

"ಆನ್ ಉಂಟು ವಸಂತಕ್ಕ! ಯಾರೋ ಹಾಕಿದ್ದಾರೆ!"

ಯಾರು? ಖಾಲಿ ಗಲ್ಲಿಗೆ ತಂಪು ಯಾಕೆ? ಸತ್ತವನನ್ನು ಕೆಡದಂತೆ ಇಡಬೇಕಾದರೂ ತಂಪು ಬೇಕು. ಬದುಕಿದವನನ್ನು ಸಾಯದಂತೆ ಇಡಬೇಕಾದರೂ ಬೇಕು. ವಸಂತಿ ಎರಡನ್ನೂ ಬಾಯಿಬಿಟ್ಟು ಹೇಳಲಿಲ್ಲ. ಮುಹ್ಸಿನಾ ಗೋಡೆಗೆ ಕೆನ್ನೆ ಒತ್ತಿ ನಿಂತಿದ್ದಳು, ಒದ್ದೆಗೆ ಅವಳ ತಲೆವಸ್ತ್ರ ಅಂಟಿಕೊಂಡಿತ್ತು.

"ಕೇಳ್ತದಾ?" ಎಂದಳು ವಸಂತಿ.

"ಮಿಷನ್ನಿನ ಸದ್ದು." ಮುಹ್ಸಿನಾ ಕಣ್ಣು ಮುಚ್ಚಿದಳು. "ಅದರ ಒಳಗೆ ಇನ್ನೊಂದು ಸದ್ದು. ಗೊತ್ತಾಗ್ತಾ ಇಲ್ಲ ಅಕ್ಕಾ, ಎಂಥ ಅಂತ ಗೊತ್ತಾಗ್ತಾ ಇಲ್ಲ."

ಅಷ್ಟರಲ್ಲಿ ಪುರಂದರನ ಸೊಂಟದ ವಾಕಿಟಾಕಿ ಓಣಿಯುದ್ದಕ್ಕೂ ಕೇಳುವಂತೆ ಗರಗರ ಎಂದಿತು.

"ಪುರಂದರ." ಸುಮಿತ್‌ನ ದನಿ. ಆತುರವಿಲ್ಲ, ಸಿಟ್ಟೂ ಇಲ್ಲ. "ಆರನೇ ಲೈನ್ ಆಫ್ ಮಾಡು."

ಆರನೇ ಲೈನಿನ ಮಾತನ್ನು ಅವರು ಆ ಯಂತ್ರದಲ್ಲಿ ಆಡಿರಲಿಲ್ಲ. ವಸಂತಿ ನಿಧಾನ ತಲೆಯೆತ್ತಿದಳು. ಕಮಾನಿನ ಮೂಲೆಯಲ್ಲಿ ಕ್ಯಾಮೆರಾದ ಕಣ್ಣು, ಬಣ್ಣದ ಬಾಗಿಲಿನ ನೇರಕ್ಕೆ ತಿರುಗಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ, ಕ್ಯಾಮಿಲಸ್‌ನ ಕುರ್ಚಿಯಲ್ಲಿ, ಈಗ ಬೇರೆ ಯಾರೋ ಕೂತಿದ್ದರು.

"ಕೇಳಿಸ್ತಾ? ಲೈನ್ ಆಫ್ ಮಾಡು, ಆ ಇಬ್ಬರು ಲೇಡೀಸನ್ನು ಗೇಟಿನ ಹೊರಗೆ ಬಿಟ್ಟು ಬಾ. ಆ ಹುಡುಗಿಗೆ ನಾಳೆ ಫ್ಲೈಟ್ ಇದೆ. ಖಲಾಸ್."

ಪುರಂದರನ ಕೈ ಸ್ವಿಚ್ಚಿನ ಮೇಲಿತ್ತು.

"ಆಫ್ ಮಾಡಿದ್ರೆ ಒಳಗೆ ಎಂಥ ಆಗ್ತದೆ?" ಓಣಿಯ ಕೊನೆಯಿಂದ ಮುಹ್ಸಿನಾ ಕೇಳಿದಳು. ಗೋಡೆಯಿಂದ ಕೆನ್ನೆ ತೆಗೆಯಲಿಲ್ಲ.

"ಹಿಂದಿನ ಶಟರಿಗೂ ಸುತ್ತ ಸೀಲ್ ಹೊಡೆದಿದ್ದಾರೆ," ಎಂದ ಅವನು. "ಗಾಳಿ ಹೋಗ್ಲಿಕ್ಕೆ ಬೇರೆ ದಾರಿ ಇಲ್ಲ."

"ಪುರಂದರ, ನಿನ್ನ ಮಗಳು ಶಾಲೆಯಿಂದ ಬಂದಿರಬೇಕಲ್ಲ ಈಗ?" ಎಂದಿತು ವಾಕಿಟಾಕಿ.

ಅವನು ವಾಕಿಟಾಕಿಯನ್ನು ಸೊಂಟದಿಂದ ಬಿಚ್ಚಿದ. ಬಾಯಿಯ ಹತ್ತಿರ ತಂದ. ಕ್ಯಾಮೆರಾದ ಕಡೆಗೆ ಮುಖ ಮಾಡಿ, ಪೆಟ್ಟಿಗೆಗೆ ಬೆನ್ನು ಒತ್ತಿ, ಅಗಲವಾಗಿ ನಿಂತ.

"ಆಫ್ ಮಾಡುವುದಿಲ್ಲ ಸರ್."

"ಏನಂದೆ?"

"ನೀವೇ ಬನ್ನಿ. ನಾನು ಮಾಡುವುದಿಲ್ಲ."